ಶ್ರೋತೃಗಳ ನಡುವೆ ಬಂದು ಕುಳಿತ ರಾಮ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ರಾಮನವಮಿ ಎರಡು ಹೊತ್ತಿನ ಹಬ್ಬ. ಚೈತ್ರ ಶುದ್ಧ ನವಮಿಯ ನಡುಮಧ್ಯಾಹ್ನ ರಾಮ ಹುಟ್ಟುತ್ತಾನೆ. ಸಂಜೆಯಾಗುತ್ತಲೇ ಅವನೆದುರು ಸಂಗೀತ ಶುರುವಾಗುತ್ತದೆ. ಮಧ್ಯಾಹ್ನದ್ದು ಅಂದಿಗೇ ಮುಗಿಯುತ್ತದೆ. ಸಂಜೆಯದು ಹಾಗಲ್ಲ. ಯುಗಾದಿಯ ಪಾಡ್ಯದಿಂದ ನವಮಿಯವರೆಗೆ ಗರ್ಭೋತ್ಸವವೆಂದು ನಡೆಸುವವರಿದ್ದಾರೆ, ನವಮಿಯಿಂದ ಮುಂದಕ್ಕೆ ಜನ್ಮೋತ್ಸವವೆಂದು ನಡೆಸುವವರಿದ್ದಾರೆ, ಎರಡನ್ನೂ ದಾಟಿ ವೈಶಾಖದವರೆಗೆ ಕಛೇರಿ ಇಟ್ಟುಕೊಳ್ಳುವವರೂ ಇದ್ದಾರೆ. ಒಬ್ಬ ದೇವರ ಹುಟ್ಟುಹಬ್ಬಕ್ಕೆ ಊರಿಗೆ ಊರೇ ಇಷ್ಟು ದಿನ ಕುಳಿತು ಹಾಡು ಕೇಳುತ್ತದೆ ಎಂಬುದನ್ನು ನಾವು ಬೆಂಗಳೂರಿನವರು ಸಹಜವೆಂದುಕೊಂಡುಬಿಟ್ಟಿದ್ದೇವೆ.

ಮಧ್ಯಾಹ್ನದ ಹಬ್ಬ ಬೀದಿಯದು. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ, ಶೇಷಾದ್ರಿಪುರ, ಎಲ್ಲಿಗೇ ಹೋಗಿ, ರಸ್ತೆ ತಿರುಗುವಲ್ಲಿ ಒಂದು ಮೇಜು, ಅದರ ಮೇಲೆ ಹಾರ ಹಾಕಿದ ಪಟ್ಟಾಭಿಷೇಕದ ಪಟ, ಪಕ್ಕದಲ್ಲಿ ಸ್ಟೀಲಿನ ಕೊಳಗ. ಆಟೋ ನಿಲ್ಲಿಸಿ ಕುಡಿಯುವವರು, ಹೆಲ್ಮೆಟ್ ತೆಗೆಯದೆಯೇ ಕೈಯೊಡ್ಡುವವರು, ಏನೂ ಗೊತ್ತಿಲ್ಲದವರಂತೆ ಎರಡನೆಯ ಸಲ ಸರದಿಗೆ ಬಂದು ನಿಲ್ಲುವ ಮಕ್ಕಳು. ಬೆಲ್ಲ ಕರಗಿಸಿ, ಸೋಸಿ, ನಿಂಬೆಹಣ್ಣು ಹಿಂಡಿ, ಏಲಕ್ಕಿ, ಒಣಶುಂಠಿ, ಕಾಳುಮೆಣಸು ಕುಟ್ಟಿ ಹಾಕಿದರೆ ಒಂದು ಬಗೆಯ ಪಾನಕ. ಕರಬೂಜದ ತಿರುಳನ್ನು ಕಿವುಚಿ ಮಾಡಿದರೆ ಇನ್ನೊಂದು. ಬೇಲದ ಹಣ್ಣು ಸಿಕ್ಕರೆ ಅದರದೇ ಮತ್ತೊಂದು. ನನ್ನ ಮಟ್ಟಿಗೆ, ಮೆಣಸಿನ ಖಾರ ಗಂಟಲಿನ ಕೊನೆಯಲ್ಲಿ ಚುರ್ರೆನ್ನದಿದ್ದರೆ ಅದು ಪಾನಕವೇ ಅಲ್ಲ. ಕೋಸಂಬರಿಯ ಕಷ್ಟ ಬೇರೆ. ನೆನೆದ ಹೆಸರುಬೇಳೆಯನ್ನು ಬಸಿದು, ಹೆಚ್ಚಿದ ಸೌತೆಕಾಯಿ, ತುರಿದ ಮಾವಿನಕಾಯಿ, ತೆಂಗಿನತುರಿ ಬೆರೆಸಿ, ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟು ಇಟ್ಟರೂ ಉಪ್ಪನ್ನು ಮಾತ್ರ ಕೈಯಲ್ಲೇ ಹಿಡಿದುಕೊಂಡು ಕಾಯಬೇಕು. ಮಹಾಮಂಗಳಾರತಿಗೆ ಮೊದಲೇ ಉಪ್ಪು ಬಿದ್ದರೆ ಸೌತೆಕಾಯಿ ನೀರು ಬಿಟ್ಟು, ದೊನ್ನೆಯ ತಳದಲ್ಲಿ ಸಾರಿನಂಥದ್ದೇನೋ ನಿಲ್ಲುತ್ತದೆ. ಪ್ರತಿ ಬೀದಿಯಲ್ಲೂ ಈ ಉಪ್ಪಿನ ಉಸ್ತುವಾರಿ ಹೊತ್ತ ಹೆಂಗಸೊಬ್ಬರಿರುತ್ತಾರೆ. ಅವರ ಮಾತಿಗೆ ಅರ್ಚಕರೂ ಎದುರಾಡುವುದಿಲ್ಲ.

ಸಂಜೆಯ ವಿಷಯಕ್ಕೆ ಬರೋಣ. ಚಾಮರಾಜಪೇಟೆ 1892ರಲ್ಲಿ ರೂಪುಗೊಂಡ ಬಡಾವಣೆ. ಅಂದಿನ ಮಹಾರಾಜರಾದ ಚಾಮರಾಜೇಂದ್ರ ಒಡೆಯರ ಹೆಸರು ಹೊತ್ತಿದೆ. ಪೇಟೆಯ ಗದ್ದಲ, ಕೋಟೆಯ ಗೋಡೆ, ಕೃಷ್ಣರಾಜೇಂದ್ರ ಮಾರುಕಟ್ಟೆಯ ಹೂವಿನ ರಾಶಿ ಎಲ್ಲವೂ ನಡಿಗೆಯ ದೂರದಲ್ಲಿವೆ. ಎಸ್.ವಿ. ನಾರಾಯಣಸ್ವಾಮಿ ರಾಯರು ಇನ್ನೂ ಹುಡುಗರಾಗಿದ್ದಾಗಲೇ, 1939ರಲ್ಲಿ, ಇಲ್ಲಿ ರಾಮನವಮಿಯ ಸಂಗೀತೋತ್ಸವ ನಡೆಸುವ ಶ್ರೀರಾಮ ಸೇವಾ ಮಂಡಳಿಯನ್ನು ಕಟ್ಟಿದರು. ಓಣಿಯ ಹುಡುಗರ ಉತ್ಸಾಹ ಬೆಳೆಯುತ್ತ ಬೆಳೆಯುತ್ತ ಕೋಟೆ ಪ್ರೌಢಶಾಲೆಯ ಮೈದಾನದ ಚಪ್ಪರವಾಯಿತು. ಚೆಂಬೈ ವೈದ್ಯನಾಥ ಭಾಗವತರ್, ಎಂ.ಎಸ್. ಸುಬ್ಬುಲಕ್ಷ್ಮಿ, ನಮ್ಮ ಗದಗಿನ ಕಡೆಯ ಭೀಮಸೇನ ಜೋಶಿ, ಹೀಗೆ ಈ ದೇಶದ ದೊಡ್ಡ ಕಂಠಗಳು ಶಾಲೆಯ ಮೈದಾನದ ಆ ಚಪ್ಪರದಲ್ಲಿ ಹಾಡಿವೆ. ಒಳಗೆ ಜಾಗ ಸಿಗದವರು ಹೊರಗೆ ಕಾಲುದಾರಿಯ ಮೇಲೆ ಪತ್ರಿಕೆ ಹಾಸಿಕೊಂಡು, ಧ್ವನಿವರ್ಧಕದಲ್ಲಿ ಬಂದಷ್ಟನ್ನು ಕೇಳಿ ಮನೆಗೆ ಹೋಗುತ್ತಿದ್ದರೆಂದು ಹಿರಿಯರು ಈಗಲೂ ಹೇಳುತ್ತಾರೆ. 1905ರಲ್ಲಿ ಹುಟ್ಟಿ, ಈಗ ಬಸವನಗುಡಿಯ ಬದಿಯಲ್ಲಿರುವ ಬೆಂಗಳೂರು ಗಾಯನ ಸಮಾಜದಂಥ ಸಭೆಗಳು ನಮಗೆ ಬೇಕಾದಷ್ಟಿವೆ. ಅಲ್ಲಿ ಕೇಳುವುದು ಬೇರೆ, ರಾಮನವಮಿಯ ಚಪ್ಪರದಲ್ಲಿ ಕೇಳುವುದು ಬೇರೆ. ಯಾಕೆ ಬೇರೆ ಎಂಬುದಕ್ಕೆ ಉತ್ತರ ನನಗೆ ಸಿಕ್ಕಿದ್ದು ಸಂಗೀತದಲ್ಲಲ್ಲ, ವಾಲ್ಮೀಕಿಯಲ್ಲಿ.

ಬಾಲಕಾಂಡದ ನಾಲ್ಕನೆಯ ಸರ್ಗ. ವಾಲ್ಮೀಕಿಗಳು ರಾಮನ ಕತೆಯನ್ನು ಕಟ್ಟಿ ಮುಗಿಸಿ ಕುಶಲವರಿಗೆ ಕಲಿಸಿದ್ದಾರೆ. ಓದುವುದಕ್ಕೂ ಹಾಡುವುದಕ್ಕೂ ಹಿತವಾದ, ಹಾಡಿಕೆಯ ಮೂರು ವೇಗಗಳಿಗೆ ಹೊಂದುವ, ತಂತಿವಾದ್ಯಕ್ಕೂ ಲಯಕ್ಕೂ ಕೂಡಿಬರುವ ಕಾವ್ಯ ಅದು. ಮೊದಲ ಕಛೇರಿ ಋಷಿಗಳ ನಡುವೆ. ಕೇಳಿದವರ ಕಣ್ಣು ತುಂಬಿ ಬರುತ್ತದೆ. ಒಬ್ಬರು ಎದ್ದು ನಿಂತು ಹುಡುಗರಿಗೆ ಕಲಶ ಕೊಡುತ್ತಾರೆ, ಇನ್ನೊಬ್ಬರು ನಾರುಮಡಿ ಕೊಡುತ್ತಾರೆ. ಇಂದು ಕಲಾವಿದರಿಗೆ ಶಾಲು ಹೊದೆಸಿ ಫಲತಾಂಬೂಲ ಕೊಡುವ ಸಮಾರಂಭ ಸ್ವಲ್ಪ ಉದ್ದವಾದಾಗ ನಾನು ಗೊಣಗುವುದುಂಟು. ಆಗೆಲ್ಲ ಆ ನಾರುಮಡಿಯನ್ನು ನೆನೆದು ಸುಮ್ಮನಾಗುತ್ತೇನೆ. ಭಾಷಣಗಳ ಬಗ್ಗೆ ಮಾತ್ರ ಋಷಿಗಳೂ ನನ್ನ ಪಕ್ಷವನ್ನೇ ವಹಿಸಿಯಾರು.

ಮುಂದೆ ಹುಡುಗರು ಅಯೋಧ್ಯೆಗೆ ಬರುತ್ತಾರೆ. ಎಲ್ಲಿ ಹಾಡುತ್ತಾರೆ? ಗುಡಿಯಲ್ಲಲ್ಲ, ಅರಮನೆಯಲ್ಲಲ್ಲ. ಓಣಿಗಳಲ್ಲಿ, ರಾಜಬೀದಿಗಳಲ್ಲಿ. ರಾಮನ ಕಣ್ಣಿಗೆ ಅವರು ಬಿದ್ದದ್ದು ಅಲ್ಲಿಯೇ. ರಾಮಕಥೆ ಊರನ್ನು ಮುಟ್ಟಿದ್ದೇ ಹೀಗೆ, ನಗರದ ಬೀದಿಯಲ್ಲಿ, ಹೋಗಿಬರುವವರ ನಡುವೆ, ಬಹುಶಃ ರಥಗಳ ಗಡಗಡದ ಜೊತೆಗೇ. ಮೈಸೂರು ರಸ್ತೆಯ ಕಡೆಯಿಂದ ಬಸ್ಸಿನ ಹಾರ್ನ್ ಬಂದು ಆಲಾಪನೆಯ ಮೇಲೆ ಬಿದ್ದಾಗ ಮುಖ ಸಿಂಡರಿಸುವ ರಸಿಕರು ಈ ಸರ್ಗವನ್ನು ಒಮ್ಮೆ ಓದಿಕೊಳ್ಳಬೇಕು.

ರಾಮ ಆ ಹುಡುಗರನ್ನು ಮನೆಗೆ ಕರೆಸಿ, ಸತ್ಕರಿಸಿ, ತಾನು ಚಿನ್ನದ ಸಿಂಹಾಸನದ ಮೇಲೆ ಕುಳಿತು, ತಮ್ಮಂದಿರನ್ನೂ ಮಂತ್ರಿಗಳನ್ನೂ ಸುತ್ತ ಕೂರಿಸಿಕೊಂಡು ಹಾಡಿಸುತ್ತಾನೆ. ಹಾಡುತ್ತಿರುವವರು ತನ್ನ ಮಕ್ಕಳೆಂದು ಅವನಿಗೆ ಗೊತ್ತಿಲ್ಲ. ಹಾಡು ಏರುತ್ತದೆ. ಸರ್ಗ ಮುಗಿಯುವಲ್ಲಿ ಕವಿ ಹೇಳುವ ಮಾತು ಒಂದೇ: ರಾಮನೂ ಮೆಲ್ಲಮೆಲ್ಲನೆ ಆ ಸಭೆಯೊಳಗೆ ಬೆರೆತು, ಕೇಳುವುದರಲ್ಲಿ ಮನಸ್ಸಿಟ್ಟ. ಅವನು ಸಿಂಹಾಸನದಿಂದ ಇಳಿದು ಬಂದು ಶ್ರೋತೃಗಳ ನಡುವೆ ಕುಳಿತನೆಂದು ವ್ಯಾಖ್ಯಾನಕಾರರು ಬಿಡಿಸಿ ಹೇಳುತ್ತಾರೆ. ತಟ್ಟನೆ ಎದ್ದರೆ ಸಭೆಯೆಲ್ಲ ಎದ್ದು ನಿಲ್ಲುತ್ತದೆ, ಹಾಡು ನಿಂತುಹೋಗುತ್ತದೆ, ರಸ ಕೆಡುತ್ತದೆ. ಅದಕ್ಕೇ ಮೆಲ್ಲಮೆಲ್ಲನೆ. ಚಕ್ರವರ್ತಿಯಾದವನು ಯಾರಿಗೂ ತಿಳಿಯದ ಹಾಗೆ ಜಾರಿಕೊಂಡು ಕೆಳಗೆ ಬಂದದ್ದನ್ನು ನೆನೆದರೆ, ಕಛೇರಿಗೆ ತಡವಾಗಿ ಬಂದು, ಅಕ್ಕಪಕ್ಕದವರ ಮೊಣಕಾಲು ಸವರಿಕೊಂಡು, ಬಾಗಿ ಬಾಗಿ ಕುರ್ಚಿ ಹುಡುಕುವ ನಮ್ಮವರೇ ಕಣ್ಣೆದುರು ಬರುತ್ತಾರೆ.

ರಾಮನ ಗುಣಗಳನ್ನು ನಾವು ಎಣಿಸುತ್ತಲೇ ಇರುತ್ತೇವೆ. ಪಿತೃವಾಕ್ಯ, ಏಕಪತ್ನೀವ್ರತ, ಶರಣಾಗತರ ರಕ್ಷಣೆ. ಕೇಳುವವನು ಎಂಬುದೂ ಅವನ ಗುಣವೆಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಚಪ್ಪರದ ವೇದಿಕೆಯ ಮೇಲೆ ಒಂದು ಬದಿಗೆ ಹೂವಿನಲ್ಲಿ ಮುಳುಗಿ ಕುಳಿತ ರಾಮನನ್ನು ಬಹುಕಾಲ ನಾನು ಕಛೇರಿಯ ಅಧ್ಯಕ್ಷನೆಂದೇ ನೋಡುತ್ತಿದ್ದೆ. ಈಗ ಹಾಗೆ ಕಾಣುವುದಿಲ್ಲ. ಪೀಠದ ಮೇಲಿರುವುದು ವಿಗ್ರಹ. ರಾಮ ಅಲ್ಲಿಂದ ಯಾವಾಗಲೋ ಇಳಿದು ನಮ್ಮ ಸಾಲಿಗೆ ಬಂದಿದ್ದಾನೆ. ಬಂದವನು ಮುಂದಿನ ಸೋಫಾಗಳ ಸಾಲಿನಲ್ಲಿ ಕುಳಿತಿರಲಾರ. ಅಲ್ಲಿ ಕುಳಿತರೆ ಎಲ್ಲರಿಗೂ ಗೊತ್ತಾಗುತ್ತದೆ.

ಅವನ ಜೊತೆಗೆ ಇನ್ನೊಬ್ಬನಿದ್ದಾನೆ. ರಾಮನ ಕೀರ್ತನೆ ಎಲ್ಲೆಲ್ಲಿ ನಡೆಯುತ್ತದೆಯೋ ಅಲ್ಲೆಲ್ಲ ಹನುಮಂತ ತಲೆಯ ಮೇಲೆ ಕೈಮುಗಿದು, ಕಣ್ಣೀರು ತುಂಬಿಕೊಂಡು ನಿಂತಿರುತ್ತಾನೆಂಬುದು ನಮ್ಮ ಮನೆಮನೆಯ ನಂಬಿಕೆ. ಪಾರಾಯಣ ನಡೆಯುವ ಮನೆಗಳಲ್ಲಿ ಅವನಿಗೆಂದು ಒಂದು ಮಣೆ ಹಾಕಿ, ಅದನ್ನು ಖಾಲಿ ಬಿಟ್ಟಿರುತ್ತಾರೆ. ತುಂಬಿದ ಚಪ್ಪರದಲ್ಲಿ ಒಂದು ಕುರ್ಚಿ ಖಾಲಿ ಕಂಡರೆ ಕರವಸ್ತ್ರ ಹಾಕಿ ಹಿಡಿದಿಡುವವರ ಜಾಣತನದೆದುರು ಆಂಜನೇಯನ ಪಾಡೇನೋ, ನನಗೆ ತಿಳಿಯದು.

ಈ ಇಬ್ಬರು ಪಕ್ಕದಲ್ಲಿದ್ದಾರೆ ಎಂದುಕೊಂಡ ಮೇಲೆ ಕೇಳುವ ರೀತಿಯೇ ಬದಲಾಯಿತು. ಮೊದಲೆಲ್ಲ ಗಾಯಕರ ಕಂಠವನ್ನು ತೂಗುತ್ತಿದ್ದೆ, ಹೋದ ವರ್ಷದ ಕಲ್ಯಾಣಿ ರಾಗಕ್ಕಿಂತ ಈ ವರ್ಷದ್ದು ಕಡಿಮೆ ಎಂದು ಲೆಕ್ಕ ಹಾಕುತ್ತಿದ್ದೆ. ಈಗ ಮೃದಂಗದವರ ಎಡಗೈಯನ್ನು ನೋಡುತ್ತ ಕೂರುತ್ತೇನೆ. ಮೃದಂಗದ ಎಡಬಾಯಿಗೆ ನೀರಿನಲ್ಲಿ ಕಲಸಿದ ರವೆಯನ್ನು ರೊಟ್ಟಿಯಗಲ ಮೆತ್ತಿರುತ್ತಾರೆ. ನಾದಕ್ಕೆ ಗಾಂಭೀರ್ಯ ಬರುವುದು ಅದರಿಂದ. ಚೈತ್ರದ ಸೆಕೆಗೆ, ಮೇಲಿನಿಂದ ಬೀಳುವ ದೀಪದ ಶಾಖಕ್ಕೆ ಆ ರವೆ ಬೇಗ ಒಣಗುತ್ತದೆ. ಎರಡು ಕೃತಿಗಳ ನಡುವೆ ಅವರು ಪಕ್ಕದ ಬಟ್ಟಲಿನಲ್ಲಿ ಬೆರಳದ್ದಿ ರವೆಯನ್ನು ತೇವ ಮಾಡುತ್ತಾರೆ, ಮೃದಂಗವನ್ನು ತಿರುಗಿಸಿ ಬಲಬಾಯಿಯ ಅಂಚಿಗೆ ಸಣ್ಣ ಕಲ್ಲಿನಿಂದ ತಟ್ಟಿ ಶ್ರುತಿಗೆ ತರುತ್ತಾರೆ, ತಂಬೂರಿಯ ಕಡೆಗೆ ಕಿವಿ ಕೊಟ್ಟು ಮತ್ತೊಮ್ಮೆ ತಟ್ಟುತ್ತಾರೆ. ಸಂಜೆಯಿಡೀ ನಡೆಯುವ ಈ ಕೆಲಸಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ನನಗೆ ಮಾತ್ರ ಅದು ಅಭಿಷೇಕದಷ್ಟೇ ಶುದ್ಧವಾದ ಸೇವೆಯೆನಿಸುತ್ತದೆ.

ಆದ್ದರಿಂದಲೇ ಒಂದು ಸಿಟ್ಟನ್ನು ಇಲ್ಲಿ ಹೇಳಿಕೊಳ್ಳಲೇಬೇಕು. ಮುಖ್ಯ ಕೃತಿಯ ಸ್ವರಪ್ರಸ್ತಾರ ಮುಗಿದು ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನ ಶುರುವಾಗುತ್ತಲೇ ಅರ್ಧ ಚಪ್ಪರ ಎದ್ದು ಕಾಫಿಗೆ ಹೊರಡುತ್ತದೆ. ಮೃದಂಗ, ಘಟ, ಖಂಜಿರಗಳು ಅಷ್ಟು ಹೊತ್ತು ಇನ್ನೊಬ್ಬರ ಹಾಡಿಗೆ ಹೆಗಲು ಕೊಟ್ಟು, ತಮ್ಮ ಸರದಿಗೆಂದು ಕಾದು, ಬಾಯಿ ತೆರೆದ ಗಳಿಗೆಗೆ ಸರಿಯಾಗಿ ಕುರ್ಚಿಗಳ ಕಿರಿಕಿರಿ. ರಾಮ ಪಕ್ಕದಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕುತ್ತಿರುವಾಗ ಅವನ ಕಾಲು ತುಳಿದುಕೊಂಡು ವಡೆ ತಿನ್ನಲು ಹೋಗುವ ಭಕ್ತಿ ಯಾವ ಬಗೆಯದು? ಮೊಬೈಲ್ ಎತ್ತಿ ಹಿಡಿದು ಕಛೇರಿಯನ್ನೆಲ್ಲ ತುಂಬಿಕೊಳ್ಳುವವರ ವಿಷಯ ಬೇರೆ. ಅವರು ಮನೆಗೆ ಹೋಗಿ ಕೇಳುತ್ತಾರಂತೆ. ಕೇಳಲಿ.

ಮಕ್ಕಳ ಗಲಾಟೆಗೆ ಮಾತ್ರ ನನ್ನ ತಕರಾರಿಲ್ಲ. ಹಿಂದೆ ಕುರ್ಚಿಗಳ ನಡುವೆ ಓಡಾಡುತ್ತ, ಅಜ್ಜಿಯ ಕೈಚೀಲದಲ್ಲಿ ಕಡಲೆಪುರಿ ಹುಡುಕುತ್ತ, ಕೊನೆಗೆ ಯಾರದೋ ಮಡಿಲಲ್ಲಿ ಮಲಗುವ ಆ ಮಕ್ಕಳ ಕಿವಿಗೆ ನಿದ್ದೆಯಲ್ಲೂ ಖರಹರಪ್ರಿಯ ರಾಗ ಬೀಳುತ್ತಿರುತ್ತದೆ. ನಮ್ಮ ಬಡಾವಣೆಗಳಲ್ಲಿ ಸಂಗೀತದ ಕಿವಿ ತಯಾರಾದದ್ದು ಬಹುಪಾಲು ಹೀಗೆಯೇ. ದುಡ್ಡು ಕೊಟ್ಟು ಸಭೆಗೆ ಹೋಗಲಾರದ ಮನೆಗಳೂ ರಾಮನ ಹೆಸರಿನಲ್ಲಿ ದೊಡ್ಡ ಸಂಗೀತವನ್ನು ಕೇಳಿದವು. ಇದನ್ನು ಕಲಾಪೋಷಣೆ ಎಂದು ಕರೆದರೆ ರಾಯಸದವರ ಭಾಷೆಯಾದೀತು. ಪಾನಕದ ಕೊಳಗದೆದುರು ಲೋಟ ತುಂಬಿಸಿದ ಕೈಯೇ ಸಂಜೆ ಚಪ್ಪರದಲ್ಲೂ ಬಡಿಸುತ್ತದೆ, ಅಷ್ಟೇ.

ಇದು ಬೆಂಗಳೂರಿನ ಸೊತ್ತು ಮಾತ್ರವಲ್ಲ. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರು ಹಾಡಿ ಗಳಿಸಿದ್ದನ್ನು ಸುರಿದು ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದರು. ಆಸ್ಥಾನ ವಿದ್ವಾಂಸರಾದವರು ತಮಗೊಂದು ಬಂಗಲೆ ಕಟ್ಟಿಸಿಕೊಳ್ಳುವ ಬದಲು ರಾಮನಿಗೊಂದು ಮನೆ, ಸಂಗೀತಕ್ಕೊಂದು ಜಗಲಿ ಕಟ್ಟಿಸಿದರು. ಅವರ ಶಿಷ್ಯ ಪಿಟೀಲು ಚೌಡಯ್ಯನವರು. ಮೈಕಿನ ಸೌಕರ್ಯವಿಲ್ಲದ ಕಾಲದಲ್ಲಿ ದೊಡ್ಡ ಗುಂಪಿನ ಕೊನೆಯ ಸಾಲಿಗೂ ಪಿಟೀಲು ಮುಟ್ಟಲೆಂದು ನಾಲ್ಕು ತಂತಿಗಳಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ನುಡಿಸಿದವರು. ಹಿಂದೆ ಕುಳಿತವನಿಗೆ ಕೇಳಿಸುತ್ತಿಲ್ಲ ಎಂಬ ಸಂಕಟ ಒಬ್ಬ ವಿದ್ವಾಂಸರ ವಾದ್ಯವನ್ನೇ ಬದಲಿಸಿತು. ಹಿಂದೆ ಕುಳಿತವನು ಯಾರಿರಬಹುದೆಂದು ಅಂಥ ಗುರುವಿನ ಬಳಿ ಬೆಳೆದ ಅವರಿಗೆ ಗೊತ್ತಿದ್ದಿರಬೇಕು ಎಂದು ನಾನು ನಂಬುತ್ತೇನೆ. ಪುರಾವೆ ಕೇಳಬೇಡಿ.

ಹೋಗುವುದಾದರೆ ಕಾರಿನಲ್ಲಿ ಹೋಗಬೇಡಿ, ಮಾರುಕಟ್ಟೆಯ ಸುತ್ತ ನಿಲ್ಲಿಸಲು ಜಾಗವಿಲ್ಲ. ಕೃಷ್ಣರಾಜೇಂದ್ರ ಮಾರುಕಟ್ಟೆಯ ಮೆಟ್ರೋ ನಿಲ್ದಾಣದಲ್ಲಿ ಇಳಿದರೆ ಕೋಟೆಯ ಕಡೆಗೆ ನಡೆದೇ ಹೋಗಬಹುದು. ದಾರಿಯಲ್ಲಿ ಒಂದು ಮೊಳ ಹೂವು ತೆಗೆದುಕೊಂಡರೆ ಪಟಕ್ಕೆ ಆಯಿತು. ಚೀಲದಲ್ಲಿ ಛತ್ರಿ ಇರಲಿ. ಅಶ್ವಿನಿ ಮಳೆ, ಭರಣಿ ಮಳೆಗಳು ಸುರಿಯುವುದು ಇದೇ ದಿನಗಳಲ್ಲಿ, ಸಾಮಾನ್ಯವಾಗಿ ರಾಗ ಕುದುರಿಕೊಳ್ಳುವ ಹೊತ್ತಿಗೇ. ತಗಡಿನ ಮೇಲೆ ಹನಿ ಬಿದ್ದ ಸದ್ದಿಗೆ ಗಾಯಕರು ನಕ್ಕು, ತಾರಸ್ಥಾಯಿಗೆ ಏರಿ ಮಳೆಯೊಡನೆ ಜಿದ್ದಿಗೆ ಬೀಳುತ್ತಾರೆ. ಅಂಥ ಸಂಜೆ ಸಿಕ್ಕರೆ ಪುಣ್ಯ. ಹಿಂದಿನ ಸಾಲುಗಳಲ್ಲೇ ಕುಳಿತುಕೊಳ್ಳಿ. ತನಿ ಆವರ್ತನಕ್ಕೆ ಏಳಬೇಡಿ. ದೇವರನಾಮ ಮುಗಿದು, ಸೌರಾಷ್ಟ್ರ ರಾಗದಲ್ಲಿ ಮಂಗಳ ಹಾಡುವವರೆಗೂ ಇದ್ದು, ಆಮೇಲೆ ಕಾಫಿಗೆ ಹೋಗೋಣ. ನಾನೂ ಬರುತ್ತೇನೆ.