ಆಷಾಢದ ಒಂಬತ್ತನೇ ತಾರೀಕು

ಜುಲೈ 9, 2024, ಮಂಗಳವಾರ

ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಆದರೂ ಆರೋಗ್ಯ ಕೇಂದ್ರದ ಜಗುಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. 2016ರಿಂದ ಪ್ರತಿ ತಿಂಗಳು 9 ಅಂದರೆ ಗರ್ಭಿಣಿಯರ ತಪಾಸಣೆ ದಿನ. ತಾಲ್ಲೂಕು ಆಸ್ಪತ್ರೆಯಿಂದ ಹೆರಿಗೆ ಡಾಕ್ಟರಮ್ಮ ಬರುತ್ತಾರೆ.

ಸಕ್ಕರೆ ಪರೀಕ್ಷೆಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಕೂರಿಸಬೇಕು. ಒಬ್ಬಳು ಕುಡಿದ ಕೂಡಲೇ ವಾಂತಿ ಮಾಡಿಕೊಂಡಳು. ನಾಳೆ ಮತ್ತೆ ಬಾ ಅಂದೆ. ಇನ್ನೊಬ್ಬಳು ಕಬ್ಬಿಣದ ಮಾತ್ರೆಯನ್ನು ಟೀ ಜೊತೆ ನುಂಗುತ್ತಿದ್ದಾಳಂತೆ. ಟೀ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ ಅಂತ ಎಷ್ಟು ಸಲ ಹೇಳುವುದು!

ಹನ್ನೊಂದರ ಹೊತ್ತಿಗೆ ಆ ಹುಡುಗಿ ಬಂದಳು. ಚೊಚ್ಚಲು, 29 ವಾರ. ಮದುವೆಯಾದ ಮೇಲೆ ಮೊದಲ ಆಷಾಢ, ಹಾಗಾಗಿ ಅವಳಣ್ಣ ಹೊಸದುರ್ಗದ ಕಡೆಯಿಂದ ಕರೆದುಕೊಂಡು ಹೋಗಲು ಬಂದಿದ್ದ. ಶ್ರಾವಣದಲ್ಲಿ ಅಲ್ಲೇ ಸೀಮಂತ, ಆಮೇಲೆ ಹೆರಿಗೆ ತನಕ ತವರಲ್ಲೇ. "ಹೋಗೋ ಮುಂಚೆ ತೋರಿಸ್ಕೊಂಡ್ ಹೋಗೋಣ ಅಂತ ಬಂದ್ವಿ ಸಿಸ್ಟ್ರೇ" ಅಂದರು ಅತ್ತೆ. ಬ್ಯಾಗು ಆಗಲೇ ಆಟೋದಲ್ಲಿತ್ತು.

ಬಿಪಿ 154/100. ಸುಮ್ನೆ ಕೂರಿಸಿ ಮತ್ತೆ ನೋಡಿದೆ, 150/98. ಮೂತ್ರದಲ್ಲಿ ಪ್ರೋಟೀನ್ ಎರಡು ಪ್ಲಸ್, ಇರಬಾರದಷ್ಟು. ಮುಖ ಬೇರೆ ಊದಿತ್ತು. "ಬಸುರಿ ಅಂದ್ಮೇಲೆ ಊದ್ಕೊಳ್ಳೋದು ಇದ್ದಿದ್ದೇ ಅಲ್ವಾ?" ಅಂದರು ಅತ್ತೆ. ಕಾಲು ಊದುವುದು ಎಷ್ಟೋ ಜನರಿಗೆ ಇರುತ್ತದೆ, ನಿಜ. ಆದರೆ ಮುಖ ಊದಿ ಬಿಪಿ 140/90 ದಾಟಿದರೆ ಅದು ಬೇರೆ ಲೆಕ್ಕ. ಇದರ ಕಷ್ಟ ಏನೆಂದರೆ ನೋವಿಲ್ಲ. ಹುಡುಗಿ ನಗುತ್ತಾ ಕೂತಿದ್ದಳು. ನಗುತ್ತಿರುವವಳನ್ನು ಅಡ್ಮಿಟ್ ಮಾಡಿ ಅಂದರೆ ಯಾರು ಒಪ್ಪುತ್ತಾರೆ?

ನನಗೆ ತವರಿನ ಮೇಲೆ ಸಿಟ್ಟಿಲ್ಲ. ಸಮಯದ ಮೇಲೆ ಸಿಟ್ಟು. ಈ ಬಿಪಿ ಚೊಚ್ಚಲಿಗೇ ಜಾಸ್ತಿ, ಬರುವುದೂ ಹೆಚ್ಚಾಗಿ ಕೊನೆಯ ತಿಂಗಳುಗಳಲ್ಲಿ. ನಮ್ಮ ಹುಡುಗಿಯರು ಊರು ಬದಲಿಸುವುದೂ ಆಗಲೇ. ಇಲ್ಲಿಯ ಆಶಾ ಪಟ್ಟಿಯಿಂದ ಹೆಸರು ಹೋಗುತ್ತದೆ, ಅಲ್ಲಿಯ ಪಟ್ಟಿಗೆ ಸೇರಲು ತಡವಾಗುತ್ತದೆ. ನಡುವಿನ ವಾರಗಳಲ್ಲಿ ಬಿಪಿ ನೋಡುವವರೇ ಇಲ್ಲ.

ಡಾಕ್ಟರಮ್ಮ ಸುತ್ತಿಬಳಸದೆ ಹೇಳಿದರು. ಬಿಪಿ 160/110 ಮುಟ್ಟಿದರೆ ಫಿಟ್ಸ್ ಬರಬಹುದು, ಮೆದುಳಲ್ಲಿ ರಕ್ತಸ್ರಾವ ಆಗಬಹುದು. ಮಾತ್ರೆ ಬಿಪಿ ಇಳಿಸುತ್ತದೆ, ಕಾಯಿಲೆ ಬಿಡುವುದು ಹೆರಿಗೆಯಾದ ಮೇಲೇ. ಮಗುವನ್ನು ಬೇಗ ತೆಗೆಯಬೇಕಾಗಿ ಬಂದರೆ ಅದರ ಶ್ವಾಸಕೋಶ ಬಲಿಯಲು ತಾಯಿಗೆ ಇಂಜೆಕ್ಷನ್ ಕೊಡಬೇಕು, ಹುಟ್ಟಿದ ಮಗುವನ್ನು ನೋಡಿಕೊಳ್ಳಲು ಐಸಿಯು ಬೇಕು. ಅದಕ್ಕೇ ಹಾಸನಕ್ಕೆ, ಇವತ್ತೇ.

ಅಣ್ಣ ಬೇಗ ಒಪ್ಪಿದ. ಅತ್ತೆಗೆ ಬೇರೆಯೇ ಚಿಂತೆ. ಆಷಾಢದಲ್ಲಿ ಅತ್ತೆ-ಸೊಸೆ ಒಂದೇ ಹೊಸಿಲು ದಾಟಬಾರದಲ್ಲ, ಆಸ್ಪತ್ರೆಯಲ್ಲಿ ಜೊತೆಗಿರಬಹುದಾ ಅಂತ. "ಆಸ್ಪತ್ರೆ ಹೊಸಿಲು ಯಾರ ಮನೇದೂ ಅಲ್ಲ ಅಮ್ಮಾ, ಹೊರಡಿ" ಅಂದೆ. ಯಾವ ಶಾಸ್ತ್ರದಲ್ಲಿದೆಯೋ ನನಗಂತೂ ಗೊತ್ತಿಲ್ಲ, ಕೆಲಸವಾಯಿತು.

ತಾಯಿ ಕಾರ್ಡಿಗೆ ನೀಲಿ ಸ್ಟಿಕ್ಕರ್ ಅಂಟಿಸಿದೆ. ಬಿಪಿ ಇರುವವರಿಗೆ ಆ ಬಣ್ಣ. ತಲೆನೋವು, ಕಣ್ಣು ಮಂಜು, ಎದೆಗೂಡಿನ ಕೆಳಗೆ ನೋವು, ಮಗುವಿನ ಮಿಸುಕಾಟ ಕಮ್ಮಿ, ಇದರಲ್ಲಿ ಯಾವುದು ಕಂಡರೂ ರಾತ್ರಿಯಾದರೂ ಹೇಳಬೇಕು ಅಂತ ಅಣ್ಣನ ಬಾಯಲ್ಲೇ ಹೇಳಿಸಿದೆ. 108 ಬಂತು. ಬ್ಯಾಗು ಆಟೋದಿಂದ ಆಂಬುಲೆನ್ಸಿಗೆ ಹೋಯಿತು.

ಸಂಜೆ ಅಣ್ಣನ ಫೋನ್. ಮಾತ್ರೆ ಶುರು ಮಾಡಿದ್ದಾರೆ, ಬಿಪಿ 144/92, ನಾಳೆ ಸ್ಕ್ಯಾನ್. ತವರೂರಿನ ಆಶಾ ನಂಬರ್ ಅವನಿಂದಲೇ ತೆಗೆದುಕೊಂಡು ಆಕೆಗೂ ವಿಷಯ ಮುಟ್ಟಿಸಿದೆ. ಮುಂದೆ ಹುಡುಗಿ ಎಲ್ಲಿಗೇ ಹೋಗಲಿ, ಇಬ್ಬರಿಗೂ ಗೊತ್ತಿರಲಿ.

ಅಪಾಯ ಹೆಚ್ಚಿರುವವರಿಗೆ ಅಂಟಿಸುವ ಕೆಂಪು ಸ್ಟಿಕ್ಕರಿನ ಇನ್ನೊಬ್ಬಳು ಇವತ್ತು ಬರಲೇ ಇಲ್ಲ. ಹೋದ ತಿಂಗಳು ಹಿಮೋಗ್ಲೋಬಿನ್ ಬರೀ 7.2 ಇತ್ತು. ಫೋನ್ ಸ್ವಿಚ್ ಆಫ್. ಬೆಳಿಗ್ಗೆ ಆಶಾ ಜೊತೆ ಅವಳ ಮನೆಗೇ ಹೋಗಬೇಕು.