ರೊಟ್ಟಿ ಡಬ್ಬಿಗೆ ಅಳತೆ ಮೊದಲು, ಲೋಗೊ ಆಮೇಲೆ

ವಿಜಯಪುರದಲ್ಲಿ ಪಾಕೀಟು, ಡಬ್ಬಿ, ಸ್ಟಿಕ್ಕರ್ ಡಿಸೈನ್ ಮಾಡುವುದು ನನ್ನ ಕೆಲಸ. ಗಿರಾಕಿಗಳಲ್ಲಿ ಹೆಚ್ಚಿನವರು ತಿನ್ನುವ ಪದಾರ್ಥ ಮಾಡುವವರು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಒಣದ್ರಾಕ್ಷಿ, ಬಾಗಲಕೋಟೆ ಕಡೆಯಿಂದ ಕರದಂಟು. ಬಂದವರು ಕೇಳುವುದು ಒಂದೇ ಮಾತು: "ಒಂದು ಛಲೋ ಲೋಗೊ ಮಾಡಿಕೊಡ್ರಿ, ನಮ್ದೂ ಬ್ರ್ಯಾಂಡ್ ಆಗ್ಬೇಕು." ಲೋಗೊ ಮಾಡುವುದು ದೊಡ್ಡ ಕೆಲಸವಲ್ಲ, ಅದಕ್ಕೆ ದುಡ್ಡೂ ತಗೊಳ್ಳುತ್ತೇನೆ. ಆದರೆ ಅದೊಂದರಿಂದಲೇ ಯಾರ ಬ್ರ್ಯಾಂಡೂ ಬೆಳೆದದ್ದನ್ನು ನಾನು ನೋಡಿಲ್ಲ.

ನಮ್ಮ ಭಾಗದಲ್ಲಿ ಊರಿನ ಹೆಸರೇ ಅರ್ಧ ವ್ಯಾಪಾರ ಮಾಡಿಕೊಡುತ್ತದೆ. ಬೆಳಗಾವಿ ಕುಂದಾ, ಗೋಕಾಕ ಕರದಂಟು, ಅಮೀನಗಡ ಕರದಂಟು, ಇಳಕಲ್ ಸೀರೆ, ಗುಳೇದಗುಡ್ಡದ ಖಣ. ಹೊಸದಾಗಿ ಅಂಗಡಿ ಹಾಕಿದವರಿಗೆ ಇದು ದೊಡ್ಡ ಅನುಕೂಲ. ತೊಂದರೆ ಏನಂದರೆ ಪಕ್ಕದ ಅಂಗಡಿಯವರಿಗೂ ಅಷ್ಟೇ ಅನುಕೂಲ. ಬೆಂಗಳೂರಿನವರು ಒಂದು ಪಾಕೀಟು ಒಯ್ದರು, ರುಚಿ ಹಿಡಿಸಿತು ಅಂತಿಟ್ಟುಕೊಳ್ಳಿ. ಮತ್ತೆ ಬೇಕು ಅನ್ನಿಸಿದಾಗ ಯಾರ ಅಂಗಡಿಯದು ಅಂತ ನೆನಪಾಗದಿದ್ದರೆ? ಎರಡನೇ ಪಾಕೀಟನ್ನು ಯಾರು ಬೇಕಾದರೂ ಮಾರಬಹುದು.

ಕಾನೂನೂ ಹಾಗೇ ಇದೆ. ಬರೀ ಊರಿನ ಹೆಸರು, ಬರೀ ಪದಾರ್ಥದ ಹೆಸರು ಸೇರಿಸಿ "ಇದು ನಂದು" ಅಂದರೆ 1999ರ ಟ್ರೇಡ್‌ಮಾರ್ಕ್ ಕಾಯ್ದೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಇಳಕಲ್ ಸೀರೆಗೆ ಜಿಐ, ಅಂದರೆ ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು, ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಜಿಐ ಇರುವುದು ಅಲ್ಲಿನ ನೇಕಾರರೆಲ್ಲರ ಪರವಾಗಿ, ಒಬ್ಬ ಅಂಗಡಿಯವರ ಪರವಾಗಿ ಅಲ್ಲ.

ಹೀಗಾಗಿ ಹೊಸ ಗಿರಾಕಿ ಬಂದರೆ ನಾನು ಕಂಪ್ಯೂಟರ್ ಆನ್ ಮಾಡುವ ಮೊದಲು ಅವರ ಮೊಬೈಲ್ ನೋಡಲು ಕೇಳುತ್ತೇನೆ. ಎರಡನೇ ಸಲ ಆರ್ಡರ್ ಮಾಡಿದವರು ವಾಟ್ಸ್ಆ್ಯಪ್‌ನಲ್ಲಿ ಏನಂತ ಬರೆದಿದ್ದಾರೆ? ರೊಟ್ಟಿ ಮಾಡಿ ಮಾರುವ ಒಬ್ಬ ಅಕ್ಕಾರು ಬಂದಿದ್ದರು. ನಾಲ್ಕೈದು ಹೆಣ್ಣುಮಕ್ಕಳನ್ನು ಇಟ್ಟುಕೊಂಡು ಮನೆಯಲ್ಲೇ ಕೆಲಸ ನಡೆಸುತ್ತಾರೆ. ಅವರಿಗೆ ಪಾಕೀಟಿನ ಮೇಲೆ ಗೋಳಗುಮ್ಮಟ ಬೇಕಿತ್ತು, ಬಂಗಾರದ ಬಣ್ಣದ ಅಕ್ಷರ ಬೇಕಿತ್ತು. (ಈ ಊರಲ್ಲಿ ಗೋಳಗುಮ್ಮಟ ಇಲ್ಲದ ಬೋರ್ಡ್ ಹುಡುಕುವುದೇ ಕಷ್ಟ.) ಅವರ ಮೊಬೈಲಿನಲ್ಲಿ ಪುಣೆಯ ಒಬ್ಬರು ಬರೆದಿದ್ದರು: "ಅಕ್ಕಾರ, ಅವತ್ತು ಕಳ್ಸಿದ್ರಲ್ಲ, ಮುರೀಲಾರದ ರೊಟ್ಟಿ, ಅವೇ ಕಳಸ್ರಿ." ಅಂಥದೇ ಮಾತು ಬೇರೆಯವರದೂ ಇತ್ತು. ಗುಮ್ಮಟದ ಸುದ್ದಿ ಯಾರೂ ಎತ್ತಿರಲಿಲ್ಲ.

ಕಡಕ್ ರೊಟ್ಟಿ ತಿನ್ನುವವರಿಗೆ ಇದರ ಬೆಲೆ ಗೊತ್ತು. ತೆಳ್ಳಗೆ ಬಡಿದು, ಬೇಯಿಸಿ, ತೇವ ಪೂರ್ತಿ ಹೋಗುವ ಹಾಗೆ ಒಣಗಿಸಿದ್ದರೆ ತಿಂಗಳು ಇಟ್ಟರೂ ಕೆಡುವುದಿಲ್ಲ. ಆದರೆ ರಾತ್ರಿ ಬಸ್ಸಿನಲ್ಲಿ ಹೋದ ಪಾರ್ಸೆಲ್ ಬಿಚ್ಚಿದರೆ ಅರ್ಧ ಪುಡಿ. ಅಕ್ಕಾರದು ಹಾಗಾಗುತ್ತಿರಲಿಲ್ಲ, ಯಾಕೆಂದರೆ ಅವರೇ ಕೈಯಾರೆ ಬಿಗಿಯಾಗಿ ಕಟ್ಟುತ್ತಿದ್ದರು. ಆರ್ಡರ್ ಜಾಸ್ತಿ ಆದಮೇಲೆ ಕಟ್ಟುವ ಕೈ ಬದಲಾಗುತ್ತದೆ, ಆಗ ಮುರಿಯಲು ಶುರು. ಗಿರಾಕಿ ಯಾವುದಕ್ಕೆ ಅವರನ್ನು ನೆನಪಿಟ್ಟಿದ್ದರೋ ಅದೇ ಹೋಗಿಬಿಟ್ಟರೆ ಪಾಕೀಟಿನ ಮೇಲೆ ಏನು ಬರೆದು ಏನು ಬಂತು?

ಮುರಿಯಲು ಮುಖ್ಯ ಕಾರಣ ಡಬ್ಬಿಯೊಳಗಿನ ಖಾಲಿ ಜಾಗ. ರೊಟ್ಟಿ ಅತ್ತಿತ್ತ ಸರಿದಾಡಿದರೆ ಅಂಚು ಮೊದಲು ಹೋಗುತ್ತದೆ. ಡಬ್ಬಿ ಸರಿಯಾಗಿ ಕೂರಬೇಕಾದರೆ ರೊಟ್ಟಿ ಎಲ್ಲ ಒಂದೇ ಅಳತೆ ಇರಬೇಕು. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಅಳತೆ ಬರುತ್ತಿತ್ತು. ಒಂದು ಸ್ಟೀಲ್ ತಾಟು ಇಟ್ಟುಕೊಂಡು ಅಷ್ಟೇ ಅಗಲಕ್ಕೆ ಬಡಿಯಿರಿ ಅಂದೆ. ರೊಟ್ಟಿ ಬಡಿಯುವವರಲ್ಲಿ ಹಿರಿಯರೊಬ್ಬರು ನನ್ನ ಮುಖ ನೋಡಿದರು. "ತಾಟ ಹಿಡದು ರೊಟ್ಟಿ ಅಳಿಯೂದಾ? ನಮ್ಮ ಕೈ ನಮಗ ಗೊತ್ತಿಲ್ಲೇನ್ರಿ?" ಅವರ ಕೈಗೆ ಗೊತ್ತು, ನಿಜ. ಡಬ್ಬಿಗೆ ಗೊತ್ತಿಲ್ಲವಲ್ಲ! ಆಮೇಲೆ ಅವರೇ ಉಳಿದವರಿಗೆ ತಾಟು ತೋರಿಸಿ ಬೈಯತೊಡಗಿದರಂತೆ.

ರೊಟ್ಟಿಗಿಂತ ಕೂದಲೆಳೆ ದೊಡ್ಡದಾದ ಡಬ್ಬಿ ಮಾಡಿಸಿದೆವು. ಸುತ್ತಲು ಹಳೇ ನ್ಯೂಸ್‌ಪೇಪರ್ ಹಾಕುತ್ತಿದ್ದರು, ಅದನ್ನು ಬಿಡಿಸಿದೆ. ಪೇಪರಿನ ಶಾಯಿ ಆಹಾರಕ್ಕೆ ಹತ್ತಬಾರದು ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಹೇಳುತ್ತಲೇ ಬಂದಿದೆ. ಬದಲಿಗೆ ಬಟರ್ ಪೇಪರ್. ಮುರಿದ ರೊಟ್ಟಿಯನ್ನು ಡಬ್ಬಿಯ ಅಡಿಗೆ ತುರುಕುವ ಹಾಗಿಲ್ಲ. ಅದನ್ನು ಮನೆ ಮುಂದೆಯೇ ಬಿಡಿಯಾಗಿ, ಕಡಿಮೆ ದರಕ್ಕೆ ಮಾರಿ, ಅದಕ್ಕೆ ನಿಮ್ಮ ಸ್ಟಿಕ್ಕರ್ ಬೇಡ ಅಂದೆ. ಇದಕ್ಕೆ ಅಕ್ಕಾರು ಬೇಗ ಒಪ್ಪಲಿಲ್ಲ. ಲುಕ್ಸಾನು ಕಣ್ಣಿಗೆ ಕಾಣುತ್ತದೆ, ಉಳಿಸಿಕೊಂಡ ಹೆಸರು ಕಾಣುವುದಿಲ್ಲ. ಆದರೂ ಒಪ್ಪಿದರು.

ಇಷ್ಟೆಲ್ಲ ಆದಮೇಲೆ ಡಿಸೈನ್. ಬಣ್ಣ ಎರಡೇ. ಹೆಸರು ದೊಡ್ಡದಾಗಿ, ಅದರ ಕೆಳಗೆ ಎಷ್ಟು ರೊಟ್ಟಿ ಇವೆ ಅನ್ನುವ ಎಣಿಕೆ. ರೊಟ್ಟಿ ಕೊಳ್ಳುವವರು ಗ್ರಾಂ ಕೇಳುವುದಿಲ್ಲ, "ಎಷ್ಟ್ ಅದಾವ್ರಿ" ಅನ್ನುತ್ತಾರೆ. ಹಿಂಬದಿಯಲ್ಲಿ ಕಾನೂನು ಕೇಳುವ ವಿವರಗಳು: 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್, ಹಸಿರು ಚುಕ್ಕಿ, ತಯಾರಿಸಿದ ದಿನ, ಎಂಆರ್‌ಪಿ, ವಿಳಾಸ, ದೂರು ಹೇಳಲು ಫೋನ್ ನಂಬರ್, ಇತ್ಯಾದಿ. ಶೇಂಗಾ ಚಟ್ನಿಯ ಪಾಕೀಟಾದರೆ ಶೇಂಗಾ ಇದೆ ಅನ್ನುವ ಅಲರ್ಜಿ ಸೂಚನೆಯೂ ಬೇಕು. ಇದನ್ನು ತಲೆನೋವು ಅಂದುಕೊಳ್ಳುವವರೇ ಹೆಚ್ಚು. ನನಗೆ ಹಾಗನ್ನಿಸುವುದಿಲ್ಲ. ಪದಾರ್ಥಗಳ ಪಟ್ಟಿ ಪ್ರಮಾಣದ ಇಳಿಕೆ ಕ್ರಮದಲ್ಲಿ ಇರಬೇಕು ಅನ್ನುವ ನಿಯಮ ನೋಡಿ. ಮುಂದೆ ಬಾದಾಮಿ ಚಿತ್ರ ಹಾಕಿ, ಹಿಂದೆ ಮೊದಲ ಹೆಸರೇ ಸಕ್ಕರೆ ಇದ್ದರೆ ಓದುವ ಗಿರಾಕಿಗೆ ಅಲ್ಲೇ ಗೊತ್ತಾಗುತ್ತದೆ.

ದುಡ್ಡಿನ ಮಾತು. ಬಣ್ಣಬಣ್ಣದ ಪ್ರಿಂಟೆಡ್ ಪೌಚ್ ಎಲ್ಲರಿಗೂ ಆಸೆ. ಅದಕ್ಕೆ ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರ್ (ಅಚ್ಚು ಒತ್ತುವ ಲೋಹದ ಉರುಳೆ) ಕೆತ್ತಿಸಬೇಕು, ಮಾಲೂ ರಾಶಿಗಟ್ಟಲೆ ತಗೊಳ್ಳಬೇಕು. ನಡುವೆ ಬೆಲೆ ಬದಲಾದರೆ, ವಿಳಾಸ ಬದಲಾದರೆ ಮೂಲೆಯಲ್ಲಿ ಚೀಲಗಳ ಗುಡ್ಡ. ಸಾದಾ ಪೌಚ್, ಒಳ್ಳೆಯ ಸ್ಟಿಕ್ಕರ್ ಸಾಕು. ವ್ಯಾಪಾರ ಕುದುರಿದ ಮೇಲೆ ಸಿಲಿಂಡರ್.

ವಿಳಾಸದ್ದೂ ಒಂದು ತಮಾಷೆ ಇದೆ. 2014ರ ನವೆಂಬರ್ 1ರಿಂದ ಊರು ಅಧಿಕೃತವಾಗಿ ವಿಜಯಪುರ, ಆದರೆ ಹೊರಗಿನವರು ಇನ್ನೂ ಬಿಜಾಪುರ ಅಂತಲೇ ಹುಡುಕುತ್ತಾರೆ. ಅದರ ಮೇಲೆ ದೇವನಹಳ್ಳಿ ಹತ್ತಿರ ಇನ್ನೊಂದು ವಿಜಯಪುರ! ಹೀಗಾಗಿ ಗೂಗಲ್ ಮ್ಯಾಪ್‌ನಲ್ಲಿ, ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲಿ, ಡಬ್ಬಿಯ ಮೇಲೆ ಅಂಗಡಿ ಹೆಸರಿನ ಕಾಗುಣಿತ ಒಂದೇ ಇರಲಿ, ವಿವರದಲ್ಲಿ ಊರಿನ ಹಳೇ ಹೆಸರೂ ಇರಲಿ, ಪಿನ್ ಕೋಡ್ ದಪ್ಪ ಅಕ್ಷರದಲ್ಲಿರಲಿ.

ಅಕ್ಕಾರು ಕೊನೆಗೆ ತಮ್ಮ ಅತ್ತೆಯ ಹೆಸರಿಟ್ಟರು. ಟ್ರೇಡ್‌ಮಾರ್ಕ್ ವೆಬ್‌ಸೈಟಿನಲ್ಲಿ ದುಡ್ಡಿಲ್ಲದೆ ಹುಡುಕಿ ನೋಡಬಹುದು. ರೊಟ್ಟಿ, ಹಿಟ್ಟು ಬರುವ 30ನೇ ವರ್ಗದಲ್ಲಿ ಆ ಹೆಸರು ಬೇರೆ ಯಾರದೂ ಕಾಣಲಿಲ್ಲ, ಅರ್ಜಿ ಹಾಕಿದ್ದಾರೆ. ಒಬ್ಬರ ಹೆಸರಿನಲ್ಲಿ ಆನ್‌ಲೈನ್ ಅರ್ಜಿಗೆ ಒಂದು ವರ್ಗಕ್ಕೆ 4,500 ರೂಪಾಯಿ, ಸಿಕ್ಕರೆ 10 ವರ್ಷ, ಆಮೇಲೆ ನವೀಕರಣ. ಟ್ರೇಡ್‌ಮಾರ್ಕ್ ಕಚೇರಿಯ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ಬೇರೆಯವರು ಆಕ್ಷೇಪಣೆ ಹಾಕಲು 4 ತಿಂಗಳು ಇರುತ್ತದೆ. ಅಲ್ಲಿಯವರೆಗೆ ಹೆಸರಿನ ಪಕ್ಕ ಟಿಎಂ ಹಾಕಬಹುದು. ವೃತ್ತದೊಳಗಿನ ಆರ್ ಹಾಕುವ ಹಾಗಿಲ್ಲ, ನೋಂದಣಿ ಆಗದೆ ಹಾಕಿದರೆ ದಂಡ ಬೀಳುತ್ತದೆ. "ನೋಡಾಕ ಛಂದ ಕಾಣ್ತೈತಿ, ಹಾಕೇಬಿಡ್ರಿ" ಅಂತ ಅವರ ಮಗ ಹೇಳುತ್ತಿದ್ದಾನೆ. ನಾನು ಹಾಕಿಲ್ಲ. ನೋಂದಣಿ ಬರುವವರೆಗೆ ಸ್ಟಿಕ್ಕರ್‌ಗಳನ್ನು ಸಣ್ಣ ಲಾಟ್‌ನಲ್ಲೇ ಹೊಡೆಸುತ್ತಿದ್ದೇವೆ.