ಒಂಬತ್ತು ಕೊಟ್ಟರೆ ಸೊನ್ನೆಯಂತೆ

ಹತ್ತಕ್ಕೆ ಒಂಬತ್ತು ಅಂದರೆ ಕಡಿಮೆ ಮಾರ್ಕಾ? ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನನಗೆ ಈ ವಾರವಿಡೀ ಇದೇ ಪ್ರಶ್ನೆ ತಲೆ ತಿನ್ನುತ್ತಿದೆ.

ಪೆಟ್ರೋಲ್ ಎಂಜಿನ್ನೂ ಕರೆಂಟ್ ಮೋಟರೂ ಎರಡೂ ಇರುವ ಹೈಬ್ರಿಡ್ ಗಾಡಿ ತಗೊಂಡು ಒಂದು ವರ್ಷ ಆಯ್ತು. ವರ್ಷದ ಸರ್ವಿಸ್ ಮುಗಿಸಿಕೊಂಡು ಬಂದ ಮಾರನೇ ದಿನವೇ ಫೋನ್ ಬಂತು. ಹುಡುಗಿಯೊಬ್ಬಳ ದನಿ. ಬಹಳ ಮರ್ಯಾದೆಯಿಂದ ಮಾತಾಡಿದಳು. ಗಾಡಿ, ಸರ್ವಿಸ್ ಎಲ್ಲ ಸೇರಿ ನಿಮಗೆ ಎಷ್ಟು ತೃಪ್ತಿ ಇದೆ ಮೇಡಂ, ಹತ್ತಕ್ಕೆ ಎಷ್ಟು ಕೊಡ್ತೀರಾ ಅಂತ ಕೇಳಿದಳು. ನಾನು ಸ್ವಲ್ಪ ಯೋಚನೆ ಮಾಡಿ, ಖುಷಿಯಿಂದಲೇ, ಒಂಬತ್ತು ಅಂದೆ. ಆ ಕಡೆ ಒಂದು ಕ್ಷಣ ಮಾತೇ ಇಲ್ಲ. ಆಮೇಲೆ ದನಿ ತಗ್ಗಿಸಿ ಹೇಳಿದಳು, "ಮೇಡಂ, ಒಂಬತ್ತು ಕೊಟ್ರೆ ನಮಗೆ ಸೊನ್ನೆ ಲೆಕ್ಕ. ಹತ್ತು ಕೊಡಿ ಮೇಡಂ, ಪ್ಲೀಸ್."

"ಒಂಬತ್ತು ಸೊನ್ನೆ ಆಗೋದು ಹೇಗಮ್ಮಾ?"

"ಸಿಸ್ಟಮ್ಮೇ ಹಾಗೆ ಮೇಡಂ. ನಿಮ್ಮ ಗಾಡಿ ನೋಡಿದ ಹುಡುಗನ ಹೆಸರಿಗೆ ಹೋಗುತ್ತೆ ಇದು."

ಗಾಡಿ ಬಗ್ಗೆ ಬೇರೆ, ಹುಡುಗನ ಬಗ್ಗೆ ಬೇರೆ ಮಾರ್ಕ್ ಕೊಡಬಹುದಾ ಅಂತ ಕೇಳಿದೆ. ಇಲ್ಲವಂತೆ. ಇರುವುದು ಒಂದೇ ಕಾಲಂ. ಕಳೆದ ಆ ಒಂದು ಮಾರ್ಕು ಯಾಕೆ ಕಳೆಯಿತು ಅಂತ ಬರೆಯುವುದಕ್ಕಾದರೂ ಜಾಗ ಇದೆಯಾ ಅಂದೆ. ಅದೂ ಇಲ್ಲ.

ನಾನು ಒಂಬತ್ತು ಅಂದದ್ದು ಸುಮ್ನೆ ಬಾಯಿಗೆ ಬಂದ ಸಂಖ್ಯೆ ಅಲ್ಲ. ಅದರ ಹಿಂದೆ ಒಂದು ವರ್ಷದ ಓಡಾಟ ಇದೆ. ನಮ್ಮ ಮನೆ ಸುಂಟಿಕೊಪ್ಪದ ಹತ್ತಿರ, ಶಾಲೆ ಮಡಿಕೇರಿ ಕಡೆ. ದಿನಾ ಹತ್ತುವುದು, ಸಂಜೆ ಇಳಿಯುವುದು. ಅದರ ಮೇಲೆ ಅತ್ತೆಯನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಕೆಲಸ. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೊಡ್ಡ ಡಾಕ್ಟರ್ ಬೇಕು ಅಂದರೆ ಒಂದೋ ಮೈಸೂರು, ಇಲ್ಲ ಮಂಗಳೂರು, ಎರಡೂ ಮಡಿಕೇರಿಯಿಂದ 100 ಕಿಲೋಮೀಟರ್ ಮೇಲೆ. ಜಿಲ್ಲೆಗೆ ಒಂದು ಒಳ್ಳೆ ಎಮರ್ಜೆನ್ಸಿ ಆಸ್ಪತ್ರೆ ಬೇಕು ಅಂತ 2019ರಲ್ಲಿ ಜನ ಸೋಷಿಯಲ್ ಮೀಡಿಯಾದಲ್ಲಿ ಎಷ್ಟು ಕೂಗಿದರು, ನೆನಪಿದೆಯಲ್ವಾ. ಇಲ್ಲಿ ಗಾಡಿ ಅಂದರೆ ಶೋಕಿ ಅಲ್ಲ. ಮನೆಯಲ್ಲಿ ವಯಸ್ಸಾದವರು ಇದ್ದರೆ ಆಸ್ಪತ್ರೆಯ ಅರ್ಧ ಭಾಗ ಅದೇ.

ಅತ್ತೆಗೆ ಮಂಗಳೂರಿನ ಕಡೆ ಇಳಿಯುವ ಸಂಪಾಜೆ ಘಾಟಿ ಅಂದರೆ ಭಯ. ಮದೆನಾಡು ದಾಟುತ್ತಿದ್ದಂತೆ ತಲೆ ತಿರುಗುವುದು, ಜೋಡುಪಾಲ ಬರುವಷ್ಟರಲ್ಲಿ ವಾಂತಿ. ಹಳೇ ಡೀಸೆಲ್ ಗಾಡಿಯಲ್ಲಿ ಪ್ರತಿ ತಿರುವಿಗೂ ಗೇರ್ ಬದಲಾಯಿಸುವಾಗ ಒಂದು ಎಳೆತ, ಒಂದು ಕುಲುಕು. ಮನೆಯಿಂದ ಹೊರಡುವಾಗಲೇ ಒಂದು ಪ್ಲಾಸ್ಟಿಕ್ ಕವರ್ ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಹೊಸ ಗಾಡಿಯಲ್ಲಿ ಮೊದಲ ಸಲ ಇಳಿದಾಗಲೂ ಹಿಡಿದಿದ್ದರು. ಸುಳ್ಯದಲ್ಲಿ ಕಾಫಿಗೆ ನಿಲ್ಲಿಸಿದೆವು. ಅವರು ಕೈ ಬಿಚ್ಚಿ ನೋಡಿದರು. ಕವರ್ ಬೆವರಿಗೆ ಅಂಟಿಕೊಂಡಿತ್ತು, ಮಡಿಕೆ ಮಾತ್ರ ಹಾಗೇ ಇತ್ತು. "ಘಾಟಿ ಆಯ್ತಾ? ಇಷ್ಟೇಯಾ?" ಅಂದರು. ಆಮೇಲೆ ದೋಸೆ ತಿಂದರು. ಘಾಟಿ ಇಳಿದು ಅತ್ತೆ ಏನಾದರೂ ತಿಂದದ್ದನ್ನು ನಾನು ಅವತ್ತೇ ನೋಡಿದ್ದು.

ಇದಕ್ಕೆ ಕಾರಣ ಗಾಡಿಯ ಒಳಗಿನ ಕೆಲಸ. ಗೇರ್ ಬದಲಾಯಿಸುವ ಮಾತೇ ಇಲ್ಲ. ಪೆಟ್ರೋಲ್ ಎಂಜಿನ್ ಒಂದು, ಕರೆಂಟ್ ಮೋಟರ್ ಒಂದು, ಯಾವುದು ಯಾವಾಗ ಎಷ್ಟು ಎಳೆಯಬೇಕು ಅಂತ ಗಾಡಿಯೇ ನೋಡಿಕೊಳ್ಳುತ್ತದೆ. ಇಳಿಜಾರಿನಲ್ಲಿ ಗೇರ್ ಲಿವರ್ ಅನ್ನು 'ಬಿ'ಗೆ ಹಾಕಿದರೆ ಗಾಡಿ ತಾನೇ ಹಿಡಿದುಕೊಂಡು ಇಳಿಯುತ್ತದೆ. ಚಕ್ರದ ಓಟ ಮೋಟರಿಗೆ ಹೋಗಿ ಬ್ಯಾಟರಿ ತುಂಬುತ್ತದೆ. ಬ್ಯಾಟರಿ ಸಣ್ಣದು, ಒಂದು ಯೂನಿಟ್ ಕರೆಂಟೂ ಅದರಲ್ಲಿ ಹಿಡಿಯುವುದಿಲ್ಲ, ಹಾಗಾಗಿ ಘಾಟಿಯಲ್ಲಿ ಬೇಗ ತುಂಬಿಬಿಡುತ್ತದೆ. ತುಂಬಿದ ಮೇಲೆ ಎಂಜಿನ್ ತಿರುಗಿ ಗಾಡಿಯ ವೇಗ ತಡೆಯುತ್ತದೆ, ಆಗ ಸ್ವಲ್ಪ ಗೊರಗೊರ ಶಬ್ದ. ಅತ್ತೆಗೆ ಅದೇನೂ ತೊಂದರೆ ಇಲ್ಲ.

ಎಲ್ಲಿ ಚಾರ್ಜಿಗೆ ಹಾಕ್ತೀರಿ ಅಂತ ಈಗಲೂ ಕೇಳುತ್ತಾರೆ. ಎಲ್ಲೂ ಹಾಕುವುದಿಲ್ಲ. ಜುಲೈ ತಿಂಗಳಲ್ಲಿ ಸಿಲ್ವರ್ ಮರ ಲೈನಿನ ಮೇಲೆ ಬಿದ್ದರೆ ದಿನಗಟ್ಟಲೆ ಕರೆಂಟ್ ಇಲ್ಲದ ಊರು ನಮ್ಮದು. ಪೂರ್ತಿ ಕರೆಂಟ್ ಗಾಡಿ ತಗೊಳ್ಳುವ ಆಸೆ ನನಗೂ ಇತ್ತು, ಅದಕ್ಕೇ ಬಿಟ್ಟೆ. ಈ ಅಳತೆಯ ಎಸ್‌ಯುವಿಯಲ್ಲಿ ಪೂರ್ತಿ ಹೈಬ್ರಿಡ್ ನಮ್ಮಲ್ಲಿ ಬಂದದ್ದು 2022ರಲ್ಲಿ, ಹೈರೈಡರ್ ಮತ್ತು ಗ್ರ್ಯಾಂಡ್ ವಿಟಾರಾ. ಎರಡೂ ನಮ್ಮ ಬಿಡದಿಯಲ್ಲೇ ತಯಾರಾದವು ಅನ್ನುವುದು ನನಗೆ ಹೆಮ್ಮೆಯ ವಿಷಯ. ನನ್ನದು ಯಾವ ಕಂಪನಿಯದು ಅನ್ನುವುದು ಇಲ್ಲಿ ಬೇಡ.

ಇನ್ನು ಎಲ್ಲರೂ ಕೇಳುವುದು ಒಂದೇ, "ಎಷ್ಟು ಕೊಡ್ತದೆ?" ಕಂಪನಿಯ ಕಾಗದದಲ್ಲಿ ಲೀಟರಿಗೆ 28 ಕಿಲೋಮೀಟರ್ ಹತ್ತಿರ. ನನ್ನ ಕೈಯಲ್ಲಿ ಎಲ್ಲ ಸೇರಿ 22ರ ಆಸುಪಾಸು. ಆದರೆ ಆ 22ರಲ್ಲಿ ತುಂಬಾ ಕತೆ ಇದೆ. ಕುಶಾಲನಗರದಿಂದ ಮಡಿಕೇರಿಗೆ ಹತ್ತುವಾಗ 15ಕ್ಕೆ ಬಂದು ನಿಲ್ಲುತ್ತದೆ, ಅದೇ ದಾರಿ ಇಳಿಯುವಾಗ 30 ದಾಟುತ್ತದೆ. ಮೈಸೂರಿನ ಒಳಗೆ, ಸಿಗ್ನಲ್ಲಿಗೆ ನಿಂತು ನಿಂತು ಹೋಗುವಲ್ಲಿ, ಬೇರೆ ಗಾಡಿಗಳು ಪೆಟ್ರೋಲ್ ಕುಡಿಯುವ ಜಾಗದಲ್ಲಿ ಇದು ಚೆನ್ನಾಗಿ ಕೊಡುತ್ತದೆ. ಹೈವೇಯಲ್ಲಿ ನೂರರ ಮೇಲೆ ಓಡಿಸಿದರೆ ಇಳಿಯುತ್ತದೆ. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲಿನಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ. ಅದೂ ಲೆಕ್ಕಕ್ಕೆ ಬರುತ್ತದೆ.

ಹಾಗಂತ ದುಡ್ಡು ಉಳಿಯುತ್ತೆ ಅಂತ ಮಾತ್ರ ತಗೊಳ್ಳಬೇಡಿ. ನಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳೂ ಮಾಡುವ ಲೆಕ್ಕ ಇದು. ಸಾದಾ ಪೆಟ್ರೋಲ್ ಆಟೋಮ್ಯಾಟಿಕ್ ಲೀಟರಿಗೆ 14 ಕೊಟ್ಟರೆ, ಇದು 22 ಕೊಟ್ಟರೆ, ಪೆಟ್ರೋಲ್ 100 ರೂಪಾಯಿ ಅಂತ ಹಿಡಿದರೂ ಕಿಲೋಮೀಟರಿಗೆ ಉಳಿಯುವುದು ಎರಡೂವರೆ ರೂಪಾಯಿ ಚಿಲ್ಲರೆ. ಹೈಬ್ರಿಡ್ಡಿಗೆ ಎರಡೂವರೆ ಲಕ್ಷ ಜಾಸ್ತಿ ಕೊಟ್ಟಿದ್ದರೆ ಅದು ವಾಪಸ್ ಬರುವುದಕ್ಕೆ ಹತ್ತಿರ ಹತ್ತಿರ ಒಂದು ಲಕ್ಷ ಕಿಲೋಮೀಟರ್ ಓಡಬೇಕು. ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಇದೆ ಅನ್ನುವುದು ಸಮಾಧಾನ. ಶೋರೂಮಿನಲ್ಲಿ ಈ ಲೆಕ್ಕ ಯಾರೂ ಹಾಕಿ ತೋರಿಸುವುದಿಲ್ಲ. ತೋರಿಸಬೇಕು ಅಂತ ನನ್ನ ಅಭಿಪ್ರಾಯ.

ಮತ್ತೆ ಆ ಒಂದು ಮಾರ್ಕು. ಹೋದದ್ದು ಡಿಕ್ಕಿಗೆ. ಬ್ಯಾಟರಿ ಡಿಕ್ಕಿಯ ತಳದಲ್ಲೇ ಕೂತಿದೆ, ಹಾಗಾಗಿ ಇದೇ ಗಾಡಿಯ ಹೈಬ್ರಿಡ್ ಅಲ್ಲದ್ದಕ್ಕೆ ಹೋಲಿಸಿದರೆ ನೂರು ಲೀಟರಿನಷ್ಟು ಜಾಗ ಕಡಿಮೆ. ಕೊಡಗಿನಲ್ಲಿ ಡಿಕ್ಕಿ ಅಂದರೆ ಸೂಟ್‌ಕೇಸ್ ಇಡುವ ಜಾಗ ಅಲ್ಲ. ಕರಿಮೆಣಸಿನ ಚೀಲ ಹೋಗಬೇಕು, ಸಂತೆ ಸಾಮಾನು ಹೋಗಬೇಕು, ಹುತ್ತರಿ ಹಬ್ಬಕ್ಕೆ ನೆಂಟರ ಮನೆಗೆ ಹೋದರೆ ಬರುವಾಗ ಬಾಳೆಗೊನೆ ಹಾಕಿ ಕಳಿಸುತ್ತಾರೆ. ಒಂದು ಗೋಣಿ ಅಡ್ಡ ಮಲಗಿಸಿದರೆ ಇದು ಮುಗೀತು. ಇನ್ನೊಂದು, ಈ ಹೈಬ್ರಿಡ್ಡಿನಲ್ಲಿ ಎಳೆಯುವುದು ಮುಂದಿನ ಎರಡು ಚಕ್ರ ಮಾತ್ರ. ಮಳೆಗಾಲದಲ್ಲಿ ತೋಟದ ಕೆಮ್ಮಣ್ಣಿನ ಏರಿನಲ್ಲಿ ಪರದಾಟ ಆಗುತ್ತದೆ, ಅಲ್ಲಿಗೆ ಜೀಪೇ ಬೇಕು. ಅದು ಗೊತ್ತಿದ್ದೇ ತಗೊಂಡದ್ದು, ಅದಕ್ಕೆ ಮಾರ್ಕ್ ಕಳೆದಿಲ್ಲ.

ಈಗ ಆ ಹುಡುಗನ ವಿಷಯ. ಸೋಮವಾರಪೇಟೆ ಕಡೆಯವನು, ಮಾತು ಕಡಿಮೆ. ಸರ್ವಿಸಿಗೆ ಬಿಟ್ಟಾಗ ನನ್ನನ್ನು ಗಾಜಿನ ರೂಮಿನಲ್ಲಿ ಟಿವಿ ಮುಂದೆ ಕೂರಿಸದೆ ಒಳಗೆ ಕರೆದ. ಮುಂದಿನ ಚಕ್ರ ಬಿಚ್ಚಿ ಬ್ರೇಕ್ ಪ್ಯಾಡಿನ ಮೇಲೆ ಹೆಬ್ಬೆರಳು ಇಟ್ಟು ತೋರಿಸಿದ. "ನೋಡಿ ಮೇಡಂ, ಒಂದು ವರ್ಷ ಘಾಟಿಯಲ್ಲಿ ಓಡಿದ ಗಾಡಿ ಅಂತ ಯಾರೂ ಹೇಳಲ್ಲ." ನಿಜ, ಪ್ಯಾಡ್ ಹೆಚ್ಚುಕಡಿಮೆ ಹಾಗೇ ಇತ್ತು. ಹೆಚ್ಚಿನ ಸಲ ಗಾಡಿಯ ವೇಗ ಇಳಿಸುವುದು ಮೋಟರೇ, ಪ್ಯಾಡಿಗೆ ಕೆಲಸ ಕಡಿಮೆ. ಆಮೇಲೆ ಬಾನೆಟ್ ಎತ್ತಿ ಏರ್ ಫಿಲ್ಟರ್ ಡಬ್ಬಿಯ ಪಕ್ಕ ಟಾರ್ಚ್ ಬಿಟ್ಟ. ಒಣ ಎಲೆ, ಕಾಫಿ ಸಿಪ್ಪೆ, ಯಾವುದೋ ಬಟ್ಟೆಯ ಚೂರು, ಎಲ್ಲ ಸೇರಿಸಿ ಇಲಿ ಗೂಡು ಕಟ್ಟಿತ್ತು. ಪಕ್ಕದ ವೈರಿನ ಮೇಲೆ ಹಲ್ಲಿನ ಗುರುತು. ತೋಟದ ಮನೆಗಳಲ್ಲಿ ಇದು ಎಲ್ಲರ ಗೋಳು. ಅವನು ಗೂಡು ಪೂರ್ತಿ ತೆಗೆದ, ವೈರಿಗೆ ಒತ್ತೊತ್ತಾಗಿ ಟೇಪ್ ಸುತ್ತಿದ, ಬಿಲ್ಲಿನಲ್ಲಿ ಅದಕ್ಕೆ ಒಂದು ರೂಪಾಯಿ ಹಾಕಲಿಲ್ಲ. ರಾತ್ರಿ ಬಾನೆಟ್ ತೆರೆದಿಟ್ಟರೆ ಇಲಿ ಬರೋದು ಕಡಿಮೆ ಆಗುತ್ತೆ ಅಂತಲೂ ಹೇಳಿ ಕಳಿಸಿದ. ಇಂಥ ಹುಡುಗನಿಗೆ ಹತ್ತು ಕಡಿಮೆ.

ಅದಕ್ಕೇ ಫೋನಿನಲ್ಲಿ ಹತ್ತು ಬರೆದುಕೋ ಅಂದೆ. "ಥ್ಯಾಂಕ್ಸ್ ಮೇಡಂ" ಅಂತ ಅವಳು ಹೇಳಿದ ರೀತಿ ಇದೆಯಲ್ಲ, ಅದೇ ನನ್ನನ್ನು ಕಾಡುತ್ತಿರುವುದು. ಇಡೀ ದಿನ ಎಷ್ಟು ಜನರ ಹತ್ತಿರ ಹೀಗೆ ಬೇಡಬೇಕೋ ಪಾಪ. ಕೆಲವರು ಬೈದಿರುತ್ತಾರೆ, ಕೆಲವರು ಫೋನ್ ಕುಕ್ಕಿರುತ್ತಾರೆ. ಒಂಬತ್ತು ಕೊಟ್ರೆ ಸೊನ್ನೆ ಲೆಕ್ಕ. ಇದನ್ನು ಮಾಡಿದವರು ಯಾರು? ಎಲ್ಲರೂ ಹತ್ತೇ ಕೊಟ್ಟರೆ ಆ ಹತ್ತನ್ನು ನೋಡಿ ಮೇಲಿನವರು ಕಲಿಯುವುದಾದರೂ ಏನು? ಡಿಕ್ಕಿ ಚಿಕ್ಕದಾಯ್ತು ಅಂತ ನಾನು ಹೇಳಿದ್ದು ಎಲ್ಲಿಗೂ ಮುಟ್ಟಲಿಲ್ಲ. ಬ್ರೇಕ್ ಪ್ಯಾಡ್ ತೋರಿಸಿದ ಹುಡುಗನಿಗೂ ಹತ್ತು, ಗಾಡಿ ಬರೀ ತೊಳೆದು ಕೊಟ್ಟವನಿಗೂ ಹತ್ತು. ಹಾಗಾದರೆ ಒಳ್ಳೆ ಕೆಲಸ ಮಾಡಿದವನಿಗೆ ಸಿಕ್ಕಿದ್ದೇನು?

ನಮ್ಮ ತೋಟದ ಪಕ್ಕ ಒಬ್ಬರು ಅಕ್ಕ ಹೋಂಸ್ಟೇ ನಡೆಸುತ್ತಾರೆ. ಬೆಳಿಗ್ಗೆ ಐದಕ್ಕೆ ಎದ್ದು ಕಡಂಬುಟ್ಟು, ಅಂದರೆ ಅಕ್ಕಿ ತರಿಯ ಉಂಡೆ, ಬೇಯಿಸುತ್ತಾರೆ. ಬಂದವರು ಹೊರಡುವಾಗ ಗೇಟಿನ ಹತ್ತಿರ ನಿಂತು, "ಐದು ಸ್ಟಾರ್ ಹಾಕಿ ಆಯ್ತಾ, ನಾಲ್ಕು ಹಾಕಿದ್ರೆ ನಾವು ಕೆಳಗೆ ಹೋಗ್ತೇವೆ" ಅಂತ ಕೇಳುತ್ತಾರೆ. ಆಗ ಅವರ ಮುಖ ನೋಡಲು ನನಗೆ ಆಗುವುದಿಲ್ಲ. ಹೋದ ವರ್ಷ ಜುಲೈನಲ್ಲಿ ಬಂದವರೊಬ್ಬರು ಊಟ ಚೆನ್ನಾಗಿತ್ತು, ಮಳೆ ಜಾಸ್ತಿ ಅಂತ ಬರೆದು ಮೂರು ಸ್ಟಾರ್ ಕೊಟ್ಟರು. ಅಕ್ಕ ಆ ರಾತ್ರಿ ಊಟ ಮಾಡಲಿಲ್ಲ. ಮೊದಲೆಲ್ಲ ಬಂದವರು ಅಡುಗೆಮನೆ ಬಾಗಿಲಿಗೆ ಬಂದು, ಸಾರಿಗೆ ಖಾರ ಸ್ವಲ್ಪ ಜಾಸ್ತಿ ಆಯ್ತು ಅಕ್ಕ ಅಂತ ಎದುರೆದುರೇ ಹೇಳುತ್ತಿದ್ದರು. ಅವರೂ ಮರುದಿನ ಕಡಿಮೆ ಹಾಕುತ್ತಿದ್ದರು. ಈಗ ಎದುರಿಗೆ ಎಲ್ಲ ಚೆನ್ನಾಗಿತ್ತು ಅಂತ ಹೇಳಿ, ಬೆಂಗಳೂರು ಮುಟ್ಟಿದ ಮೇಲೆ ಫೋನಿನಲ್ಲಿ ಕುಟ್ಟುತ್ತಾರೆ. ಇದು ನನಗೆ ಒಂಚೂರೂ ಹಿಡಿಸುವುದಿಲ್ಲ.

ನಾನು ಒಂಬತ್ತು ಕೊಟ್ಟ ಮಕ್ಕಳು ಪೇಪರ್ ಹಿಡಿದುಕೊಂಡು ಟೇಬಲ್ ಹತ್ತಿರ ಬಂದು, ಒಂದು ಎಲ್ಲಿ ಹೋಯ್ತು ಟೀಚರ್ ಅಂತ ಕೇಳುತ್ತಾರೆ. ನನಗೆ ಅದು ಇಷ್ಟ. ಸ್ಟೆಪ್ ಬಿಟ್ಟದ್ದನ್ನು ತೋರಿಸುತ್ತೇನೆ, ಮುಂದಿನ ಟೆಸ್ಟಿನಲ್ಲಿ ಬಿಡುವುದಿಲ್ಲ. ಒಂಬತ್ತು ತಗೊಂಡವರು ನಮ್ಮ ಶಾಲೆಯಲ್ಲಿ ಜಾಣರು, ಸೊನ್ನೆಯವರಲ್ಲ.

ಕಂಪನಿಗೆ ಮೊನ್ನೆ ಮೇಲ್ ಹಾಕಿದ್ದೇನೆ. ಡಿಕ್ಕಿಯ ವಿಷಯ, ಇಲಿ ಗೂಡಿನ ವಿಷಯ, ಆ ಹುಡುಗನ ಕೆಲಸ, ಒಂದೇ ಕಾಲಂ ಇಟ್ಟದ್ದು ತಪ್ಪು ಅನ್ನುವುದು, ಎಲ್ಲ ಬಿಡಿಸಿ ಬರೆದೆ. ನಿಮ್ಮ ಮೇಲ್ ತಲುಪಿದೆ ಅಂತ ಒಂದು ಸಾಲು ಬಂದಿದೆ, ಅಷ್ಟೇ.

ಶನಿವಾರ ನಮ್ಮ ಶಾಲೆಯ ಕನ್ನಡ ಮೇಷ್ಟ್ರು ಮನೆಗೆ ಬಂದಿದ್ದರು. ಅವರಿಗೂ ಹೈಬ್ರಿಡ್ ತಗೊಳ್ಳುವ ಯೋಚನೆ ಇದೆ. ಮೈಲೇಜ್ ಕೇಳುತ್ತಾರೆ ಅಂದುಕೊಂಡೆ, ಕೇಳಲಿಲ್ಲ. "ಟೀಚರ್, ಹತ್ತಕ್ಕೆ ಎಷ್ಟು ಕೊಡ್ತೀರಿ?" ಅಂದರು. ಒಂಬತ್ತು ಅಂದೆ. "ಒಂದು ಎಲ್ಲಿ ಹೋಯ್ತು?" ಅಂದರು. ಡಿಕ್ಕಿ ತೆರೆದು ತೋರಿಸಿದೆ. ಅವರು ತಮ್ಮ ಗಾಡಿಯಿಂದ ಅಪ್ಪನ ಮಡಚುವ ವ್ಹೀಲ್‌ಚೇರ್ ತಂದರು. ಉದ್ದಕ್ಕೆ ಇಟ್ಟರೆ ಬಾಗಿಲು ಮುಚ್ಚಲಿಲ್ಲ, ಅಡ್ಡ ಇಟ್ಟರೆ ಚಕ್ರ ತಾಗಿತು. ಹಿಂದಿನ ಸೀಟಿನ ಒಂದು ಭಾಗ ಮಡಚಿದ ಮೇಲೆ ಸಲೀಸಾಗಿ ಕೂತಿತು. ಅವರ ಮನೆಯಲ್ಲಿ ನಾಲ್ಕು ಜನ, ಅಪ್ಪನನ್ನು ಸೇರಿಸಿ. ಒಂದು ಸೀಟ್ ಹೋದರೂ ನಡೆಯುತ್ತದೆ ಅಂತ ಅವರ ಲೆಕ್ಕ. ಮನೆಯವರ ಹತ್ತಿರ ಮಾತಾಡಿ, ಬರುವ ವಾರ ಅಪ್ಪನನ್ನೇ ಕೂರಿಸಿಕೊಂಡು ಸಂಪಾಜೆವರೆಗೆ ಹೋಗಿ ಬರೋಣ ಅಂದಿದ್ದಾರೆ. ಆಯ್ತು ಅಂದಿದ್ದೇನೆ.